ಕಾಟನ್‌ಮೌತ್ ಹಾವಿಗೆ ಗೂಡೆಲ್ಲಿದೆ?

ಅಮೆರಿಕದ ಆಗ್ನೇಯ ರಾಜ್ಯಗಳ ಜೌಗುನಾಡಿನಲ್ಲಿ ಒಂದು ಕತೆ ಬಹುಕಾಲದಿಂದ ಓಡಾಡುತ್ತಿದೆ: ಕೆರೆಗೆ ಧುಮುಕಿದವನೊಬ್ಬ ಕಾಟನ್‌ಮೌತ್ ಹಾವುಗಳ ಗೂಡಿಗೇ ಬಿದ್ದು, ಮೈತುಂಬ ಕಚ್ಚಿಸಿಕೊಂಡು ಸತ್ತನಂತೆ. ಈ ಹಾವಿನ ಸಂತಾನಕ್ರಮ ಬಲ್ಲವರು ಇದನ್ನು ನಂಬಲಾರರು. ಅದಕ್ಕೆ ನೀರಿನಲ್ಲಿ ಗೂಡು ಇರುವುದೇ ಇಲ್ಲ.

ಕಾಟನ್‌ಮೌತ್ ಗುಳಿಮಂಡಲಗಳ, ಅಂದರೆ ಕಣ್ಣು–ಮೂಗಿನ ನಡುವೆ ಗುಳಿಯಿರುವ ವಿಷಹಾವುಗಳ, ಬಳಗದ್ದು. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಹೆಚ್ಚಾಗಿ ವಸಂತದಲ್ಲಿ ಕೂಡುತ್ತವೆ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಮರಿಗಳು ಹುಟ್ಟುತ್ತವೆ. ಭ್ರೂಣಕ್ಕೆ ಗಟ್ಟಿ ಚಿಪ್ಪಿಲ್ಲ, ತಾಯಿಯ ಹೊಟ್ಟೆಯಲ್ಲೇ ತೆಳುಪೊರೆಯೊಳಗೆ ಮೊಟ್ಟೆಯ ಹಳದಿ ಭಾಗವನ್ನು ಉಂಡು ಬೆಳೆಯುತ್ತದೆ. ಇದರ ಲಾಭ ದೊಡ್ಡದು. ದಡದಲ್ಲಿಟ್ಟ ಮೊಟ್ಟೆ ನೆರೆ ಬಂದರೆ ಉಸಿರುಗಟ್ಟಿ ಕೆಡುತ್ತದೆ; ಇಲ್ಲಿ ತಾಯಿ, ಕಾವು ಕೂತ ಕೋಳಿ ಗೂಡನ್ನೇ ಹೊತ್ತು ನಡೆದಂತೆ, ಬಿಸಿಲಿಗೆ ಬಂದು ಭ್ರೂಣಗಳನ್ನು ಬೆಚ್ಚಗಿಡುತ್ತದೆ, ನೀರು ಏರಿದರೆ ಜಾಗ ಬದಲಿಸುತ್ತದೆ. ಆದರೆ ಈ ಹೊರೆಗೆ ಕೊಬ್ಬು ಖರ್ಚಾಗುತ್ತದೆ. ಅದಕ್ಕೇ ಹಲವು ಹೆಣ್ಣುಗಳು ಪ್ರತಿ ವರ್ಷ ಮರಿ ಹಾಕುವುದಿಲ್ಲ. ಇನ್ನೊಂದು ಬೆರಗು: ಕಾಡಿನ ಕಾಟನ್‌ಮೌತ್ ಗಂಡಿನ ಪಾಲಿಲ್ಲದೆಯೇ ಮರಿ ಪಡೆಯಬಲ್ಲದು ಎಂಬುದನ್ನು 2012ರಲ್ಲಿ ವಂಶವಾಹಿ ಪರೀಕ್ಷೆ ತೋರಿಸಿತು.

ಒಂದು ಸೂಲಿಗೆ ಸಾಮಾನ್ಯವಾಗಿ ಆರೆಂಟು ಮರಿ. ತಾಯಿ ಕೆಲದಿನ ಹತ್ತಿರವಿದ್ದರೂ ಮರಿಗಳು ಬೇಗ ಚದುರುತ್ತವೆ. ಹಳದಿ ಬಾಲದ ತುದಿಯನ್ನು ಹುಳದಂತೆ ಕುಣಿಸಿ ಕಪ್ಪೆಗಳನ್ನು ಸೆಳೆಯುತ್ತವೆ. ಹುಟ್ಟಿನಿಂದಲೇ ವಿಷವಿದೆ, ಆದರೆ ದೊಡ್ಡ ಹಾವಿಗಿಂತ ಮರಿಯೇ ಹೆಚ್ಚು ಅಪಾಯಕಾರಿ ಎಂಬುದು ಸುಳ್ಳು. ವಿಷದ ಪ್ರಮಾಣ ದೊಡ್ಡದರಲ್ಲೇ ಹೆಚ್ಚು. ಹಾಗಾದರೆ ಜನ ಕಂಡ 'ಗೂಡು' ಯಾವುದು? ಬತ್ತುವ ಗುಂಡಿಯಲ್ಲಿ ಸಿಕ್ಕಿಬಿದ್ದ ಮೀನಿಗೆ ಕಾಟನ್‌ಮೌತ್‌ಗಳು ಒಟ್ಟು ಸೇರುವುದುಂಟು. ಒಂದೇ ಹೆಣ್ಣಿಗೆ ಹಲವು ಗಂಡುಗಳು ಸುತ್ತಿಕೊಳ್ಳುವ ನಿರ್ವಿಷ ನೀರುಹಾವುಗಳೂ ಇವೆ.

ಅಟ್ಟಿಸಿಕೊಂಡು ಬರುತ್ತದೆ ಎನ್ನುವ ಮಾತೂ ಅಷ್ಟೇ. ಹಾವುಗಳ ಸಂಶೋಧಕರಾದ ಗಿಬ್ಬನ್ಸ್ ಮತ್ತು ಡೋರ್ಕಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೃತಕ ಕೈಯಿಂದ ಹಿಡಿದೆತ್ತಿದ 36 ಹಾವುಗಳಲ್ಲಿ ಕಚ್ಚಿದ್ದು 13 ಮಾತ್ರ. ಬಿಳಿ ಬಾಯಿ ತೆರೆದು ಬಾಲ ಅದುರಿಸಿದರೆ ಅದು ಎಚ್ಚರಿಕೆ; ಎರಡು ಮೀಟರಾದರೂ ಹಿಂದೆ ಸರಿಯಿರಿ. ಕಾಟನ್‌ಮೌತ್ ಮೈಯೆಲ್ಲ ನೀರಿನ ಮೇಲೆ ತೇಲಿಸಿ, ತಲೆ ಎತ್ತಿ ಈಜುತ್ತದೆ. ಗುರುತಿಗೆ ತಲೆಯ ಆಕಾರ ನಂಬಬೇಡಿ, ಹೆದರಿದ ನೀರುಹಾವೂ ತಲೆ ಚಪ್ಪಟೆ ಮಾಡುತ್ತದೆ. ಬಿದ್ದ ದಿಮ್ಮಿಯನ್ನು ಒಮ್ಮೆಲೇ ದಾಟದೆ, ಆಚೆ ಬದಿ ನೋಡಿಯೇ ಕಾಲಿಡಿ. ನೀರೊಳಗೆ ಕಚ್ಚಲಾರದು ಎಂದೂ ಭಾವಿಸಬೇಡಿ, ಮೀನು ಹಿಡಿಯುವುದು ಅಲ್ಲೇ.

ಕಚ್ಚಿದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಊತ ಏರುವ ಮೊದಲೇ ಉಂಗುರ, ಗಡಿಯಾರ ತೆಗೆಯಿರಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ; ಊತ ಎಷ್ಟು ವೇಗದಲ್ಲಿ ಹಬ್ಬುತ್ತಿದೆ ಎಂಬುದು ವೈದ್ಯರಿಗೆ ಮುಖ್ಯ. ಬಿಗಿಯಾಗಿ ಕಟ್ಟಬೇಡಿ: ಅಂಗಾಂಶ ಕೊಳೆಸುವ ವಿಷ ಒಂದೆಡೆ ನಿಂತು, ರಕ್ತವೂ ಹರಿಯದೆ, ಕೈಕಾಲು ಇನ್ನಷ್ಟು ಹಾಳಾಗುತ್ತದೆ. ಕೊಯ್ಯುವುದು, ಹೀರುವುದು, ಮಂಜುಗಡ್ಡೆ ಇಡುವುದು ಯಾವುದೂ ಬೇಡ. ಮದ್ದು ಆಸ್ಪತ್ರೆಯ ಪ್ರತಿವಿಷ ಒಂದೇ. ಗುರುತಿಗೆಂದು ಹಾವನ್ನು ಕೊಂದು ತರಬೇಡಿ, ಕಡಿದ ತಲೆಯೂ ಬಹಳ ಹೊತ್ತಿನವರೆಗೆ ಕಚ್ಚಿ ವಿಷವಿಳಿಸಬಲ್ಲದು.