ಏರ್ ಫ್ರೈಯರ್‌ನಲ್ಲಿ ಪೋಡಿ ಯಾಕೆ ಆಗಲಿಲ್ಲ?

ಪ್ರಶ್ನೆ: ಮಗ ದುಬೈಯಿಂದ ಬರುವಾಗ ಏರ್ ಫ್ರೈಯರ್ ತಂದಿದ್ದಾನೆ. ಎಣ್ಣೆಯೇ ಬೇಡ ಎಂದ. ಸರಿ, ಜೀಗುಜ್ಜೆ (ದೀವಿಹಲಸು) ಪೋಡಿ, ಅಂದರೆ ಬಜ್ಜಿ, ಮಾಡೋಣ ಅಂತ ಹೊರಟೆ. ಹಿಟ್ಟೆಲ್ಲ ಸೋರಿ ಜಾಲರಿಗೆ ಅಂಟಿತು, ಹೋಳು ಹಸಿಯೇ ಉಳಿಯಿತು. ಎಲ್ಲಿ ತಪ್ಪಿದೆ? (ಕುಂಬಳೆಯ ಓದುಗರೊಬ್ಬರು)

ಉತ್ತರ: ಅಕ್ಕಾ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ಪೋಡಿ ಆ ಯಂತ್ರದ ಕೆಲಸವೇ ಅಲ್ಲ.

ಕಾದ ಎಣ್ಣೆಗೆ ಹಿಟ್ಟು ಬಿದ್ದ ಕೂಡಲೇ ಸುತ್ತಲೂ ಗಟ್ಟಿಯಾಗುತ್ತದೆ. ಏರ್ ಫ್ರೈಯರ್‌ನಲ್ಲಿ ಇರುವುದು ಬರೀ ಬಿಸಿ ಗಾಳಿ. ಮೇಲೆ ಕಾಯುವ ಒಂದು ಕಾಯಿಲ್, ಅದರ ಗಾಳಿಯನ್ನು ಜೋರಾಗಿ ಸುತ್ತಿಸುವ ಒಂದು ಫ್ಯಾನ್, ಅಷ್ಟೇ. ಹೆಸರು ಫ್ರೈಯರ್ ಆದರೂ ಅದೊಂದು ಪುಟ್ಟ ಓವನ್. ಗಾಳಿ ಎಣ್ಣೆಯಷ್ಟು ಬೇಗ ಬಿಸಿ ಮುಟ್ಟಿಸುವುದಿಲ್ಲ. ಅಷ್ಟರೊಳಗೆ ನೀರು ಹಿಟ್ಟು ಸೋರಿಹೋಗುತ್ತದೆ. ಗೋಳಿಬಜೆಯ ಗತಿಯೂ ಇದೇ.

ಹಾಗಾಗಿ ಬಾಣಲೆಯ ಕೆಲಸ ಬಾಣಲೆಗೇ ಇರಲಿ. ಕಾವಲಿಯಲ್ಲಿ ಕಾಯಿಸುತ್ತಿದ್ದದ್ದು, ಒಲೆಯ ಕೆಂಡದಲ್ಲಿ ಸುಡುತ್ತಿದ್ದದ್ದು, ಇವನ್ನು ಇದಕ್ಕೆ ಕೊಡಿ. ನನಗಂತೂ ಕೆಂಡ ಇಲ್ಲದ ಗ್ಯಾಸ್ ಅಡುಗೆಮನೆಯಲ್ಲಿ ಇದರ ಬೆಲೆ ಗೊತ್ತಾದದ್ದು ಸುಟ್ಟ ಬದನೆ ಗೊಜ್ಜಿನಿಂದ. ಬದನೆಗೆ ನಾಲ್ಕು ಕಡೆ ಚುಚ್ಚಿ, ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಇಟ್ಟರೆ ಸಿಪ್ಪೆ ಸುಕ್ಕಾಗಿ ಕೈಗೇ ಬಿಟ್ಟು ಬರುತ್ತದೆ. ಹೊಗೆಯ ಪರಿಮಳ ಮಾತ್ರ ಕೆಂಡದಷ್ಟಿಲ್ಲ.

ಜೀಗುಜ್ಜೆಯನ್ನೂ ಬಿಡಬೇಕಾಗಿಲ್ಲ, ರೀತಿ ಬದಲಿಸಿದರೆ ಸಾಕು. ಸಿಪ್ಪೆ, ನಡುವಿನ ಗೂಂಜು ತೆಗೆದು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ. ಉಪ್ಪು, ಅರಿಶಿನದ ನೀರಿನಲ್ಲಿ ಐದು ನಿಮಿಷ ಅರೆಬೇಯಿಸಿ ಬಸಿಯಿರಿ. ಬಟ್ಟೆಯಲ್ಲಿ ಒರೆಸಿ ಒಣಗಿಸುವುದನ್ನು ಮರೆಯಬೇಡಿ. ಮೈಯಲ್ಲಿ ನೀರಿದ್ದರೆ ಅದು ಆರುವ ತನಕ ಗರಿಯಾಗುವುದಿಲ್ಲ. ಮೆಣಸಿನ ಪುಡಿ, ಇಂಗು, ಉಪ್ಪು, ಸ್ವಲ್ಪ ಹುಳಿರಸ, ಎರಡು ಚಮಚ ತೆಂಗಿನೆಣ್ಣೆ ಕಲಸಿ ಹಚ್ಚಿ. ಮೇಲೆ ಅಕ್ಕಿಹಿಟ್ಟು, ರವೆ ಉದುರಿಸಿ. ಎಣ್ಣೆ ತಾಗದ ಹಿಟ್ಟು ಎಷ್ಟು ಹೊತ್ತಿಟ್ಟರೂ ಸುಣ್ಣದ ಹಾಗೆ ಬೆಳ್ಳಗೇ ಉಳಿಯುತ್ತದೆ. ಅದಕ್ಕೇ ದೋಸೆ ಕಾವಲಿಗೆ ಸವರುವ ಹಾಗೆ ಮೇಲೂ ಒಂದಿಷ್ಟು ಸವರಿ. ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಗಾಳಿ ಓಡಬೇಕು ಅಲ್ವಾ! 180 ಡಿಗ್ರಿ, 12ರಿಂದ 15 ನಿಮಿಷ, ನಡುವೆ ಒಮ್ಮೆ ಮಗುಚಿ. ಗಾಣದ ತೆಂಗಿನೆಣ್ಣೆ 180ರ ಹತ್ತಿರವೇ ಹೊಗೆಯಾಡಲು ಶುರುಮಾಡುತ್ತದೆ. ಬೇಗ ಆಗಲಿ ಅಂತ 200ಕ್ಕೆ ಏರಿಸಬೇಡಿ.

ಇನ್ನು ನೀವು ಕೇಳದ ಒಂದು ವಿಷಯ, ಗಲ್ಫಿನಿಂದ ಬಂದ ಯಂತ್ರವಾದ್ದರಿಂದ ಹೇಳಲೇಬೇಕು. ಅಲ್ಲಿಯೂ ಇಲ್ಲಿಯೂ ಕರೆಂಟು 230 ವೋಲ್ಟಿನ ಆಸುಪಾಸು, ಆ ಚಿಂತೆ ಇಲ್ಲ. ಆದರೆ ಅದರ ಪ್ಲಗ್ಗಿಗೆ ಚಪ್ಪಟೆ ಮೂರು ಪಿನ್ನು. ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಅಗ್ಗದ ಅಡಾಪ್ಟರ್ ಹಾಕಿ ಓಡಿಸಿದರೆ ಅದು ಕಾದು ಕರಗಬಹುದು. ಇಂಥ ಯಂತ್ರ ಸಾಮಾನ್ಯವಾಗಿ 1,400–1,500 ವಾಟ್ ಎಳೆಯುತ್ತದೆ. ಎಲೆಕ್ಟ್ರೀಷಿಯನ್ನರ ಹತ್ತಿರ 16 ಆಂಪಿಯರ್ ಪ್ಲಗ್ ಹಾಕಿಸಿ, ಪವರ್ ಸಾಕೆಟ್ಟಿಗೇ ಕೊಡಿ.

ಮಳೆಗಾಲದ ಸಂಜೆ ಹೇಳಿದ ಸಮಯಕ್ಕೆ ಬೇಯದಿದ್ದರೆ ಯಂತ್ರ ಕೆಟ್ಟಿತು ಅಂತ ಹೆದರಬೇಡಿ. ವೋಲ್ಟೇಜ್ 180ಕ್ಕೆ ಇಳಿದರೆ 1,500 ವಾಟಿನ ಕಾಯಿಲ್ ಬರೀ 900 ವಾಟಿನಷ್ಟು ಕಾಯುತ್ತದೆ. ಐದಾರು ನಿಮಿಷ ಜಾಸ್ತಿ ಇಡಿ.

ಈಗ ಜೀಗುಜ್ಜೆ ಸಿಗದಿದ್ದರೆ ಹಲಸಿನ ಬೇಳೆಯಿಂದ (ಬೀಜದಿಂದ) ಶುರುಮಾಡಿ, ಕೆಡುವ ಭಯವೇ ಇಲ್ಲ. ಒಂದೊಂದಕ್ಕೂ ಕತ್ತಿಯಲ್ಲಿ ಸಣ್ಣ ಗೀರು ಹಾಕಿ, ಇಲ್ಲದಿದ್ದರೆ ಒಳಗಿನ ಹಬೆಗೆ ಸಿಡಿಯುತ್ತದೆ. 180ರಲ್ಲಿ ಸುಮಾರು 20 ನಿಮಿಷ. ಹೊರಗಿನ ಬಿಳಿ ಸಿಪ್ಪೆ ಒಡೆದು ಬಾಯಿಬಿಟ್ಟರೆ ಆಯಿತು. ಬಿಸಿ ಇರುವಾಗಲೇ ಸುಲಿದು ಉಪ್ಪು ಮುಟ್ಟಿಸಿ ತಿನ್ನಿ.