ಕಡಲ ಗಿಡುಗದ ಓರೆ ನೋಟ

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಫೋಟೋ ತೆಗೆಯಲು ಹೋಗುವವರಿಗೆ ಒಂದು ಸಲಹೆ ತಪ್ಪದೆ ಸಿಗುತ್ತದೆ: "ಹಕ್ಕಿ ಮುಖ ಓರೆ ಮಾಡಿದಾಗ ಮೆಲ್ಲಗೆ ಮುಂದೆ ಹೋಗಿ, ಆಗ ಅದಕ್ಕೆ ಕಾಣಲ್ಲ." ಇದು ಪೂರ್ತಿ ಉಲ್ಟಾ. ಗಾಳಿಮರದ ತುದಿಯಲ್ಲಿ ಕೂತ ಬಿಳಿ ಹೊಟ್ಟೆಯ ಕಡಲ ಗಿಡುಗ ಮುಖ ಓರೆ ಮಾಡಿದೆ ಅಂದರೆ, ನಿಮ್ಮನ್ನು ಅತಿ ಚೆನ್ನಾಗಿ ನೋಡುತ್ತಿರುವುದು ಆಗಲೇ.

ನಮ್ಮ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆಯಲ್ಲಿ, ಫೋವಿಯಾ ಎಂಬ ಪುಟ್ಟ ಗುಳಿ ಇದೆ. ನೀವು ಈಗ ಈ ಪದವನ್ನು ಓದುತ್ತಿರುವುದು ಅದರಿಂದ. ನಮಗೆ ಕಣ್ಣಿಗೆ ಒಂದೇ ಗುಳಿ. ಹಗಲಲ್ಲಿ ಬೇಟೆಯಾಡುವ ಗಿಡುಗಗಳಲ್ಲಿ ಹೆಚ್ಚಿನವಕ್ಕೆ ಕಣ್ಣಿಗೆರಡು. ಈಗಿನ ಮೊಬೈಲ್‌ನಲ್ಲಿ ಹತ್ತಿರಕ್ಕೊಂದು, ದೂರಕ್ಕೊಂದು ಲೆನ್ಸ್ ಇರುತ್ತದಲ್ಲ, ಹಾಗೆ. ಆಳವಿಲ್ಲದ ಗುಳಿ ಮುಂದಕ್ಕೆ ನೋಡುತ್ತದೆ. ಆಳವಾದದ್ದು ತುಂಬಾ ಚುರುಕು, ಆದರೆ ಅದರ ನೋಟ ಕೊಕ್ಕಿನ ನೇರಕ್ಕಿಲ್ಲ. ಸುಮಾರು 45 ಡಿಗ್ರಿ ಪಕ್ಕಕ್ಕಿದೆ! ಕಣ್ಣುಗುಡ್ಡೆಯನ್ನು ನಮ್ಮ ಹಾಗೆ ಹೊರಳಿಸಲು ಹಕ್ಕಿಗೆ ಆಗುವುದಿಲ್ಲ, ಅದು ತಲೆಬುರುಡೆಯ ಕಣ್ಣುಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಾಗಾಗಿ ತಲೆಯನ್ನೇ ತಿರುಗಿಸಬೇಕು.

ಇದನ್ನು ಅಳೆದು ನೋಡಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವ್ಯಾನ್ಸ್ ಟಕರ್. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಸ್ತು 8 ಮೀಟರ್‌ಗಿಂತ ಹತ್ತಿರ ಇದ್ದಾಗ ಹಕ್ಕಿಗಳು ಜಾಸ್ತಿ ಹೊತ್ತು ನೇರವಾಗಿ ನೋಡಿದವು. 40 ಮೀಟರ್ ದಾಟಿದರೆ 80 ಶೇಕಡಾಕ್ಕೂ ಹೆಚ್ಚು ಹೊತ್ತು ಓರೆಯಾಗಿ. ಟಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇಟೆಯ ಮೇಲೆ ಎರಗುವಾಗ ತಲೆ ತಿರುಗಿಸಿಕೊಂಡರೆ ಗಾಳಿ ತಡೆದು ವೇಗ ಕಡಿಮೆಯಾಗುತ್ತದೆ. ಅದಕ್ಕೇ ಡೇಗೆ ಹಕ್ಕಿ (ಫಾಲ್ಕನ್) ತಲೆಯನ್ನು ನೇರ ಇಟ್ಟುಕೊಂಡು, ಬೇಟೆ ಓರೆ ನೋಟದಲ್ಲೇ ಉಳಿಯುವಂತೆ ದಾರಿಯನ್ನೇ ಸುರುಳಿಯಾಗಿ ಬಾಗಿಸುತ್ತದೆ. ದಾರಿ ಉದ್ದವಾದರೂ ಬೇಗ ತಲುಪುತ್ತದೆ. ಎಷ್ಟು ಚೆಂದದ ಲೆಕ್ಕ, ಅಲ್ವಾ?

ಬದುಕಿರುವ ಹಕ್ಕಿಯ ಕಣ್ಣಿನ ಒಳಗನ್ನು ಜನ ಇಣುಕಿ ನೋಡುವಂತಾಗಿದ್ದೇ 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್, ಕಣ್ಣಿನ ಡಾಕ್ಟರರು ಬಳಸುವ ಆ ಪುಟ್ಟ ಕನ್ನಡಿ ಉಪಕರಣ ಮಾಡಿದ ಮೇಲೆ. ಕೇಸಿ ವುಡ್ ಎಂಬ ನೇತ್ರವೈದ್ಯರು ಅದೇ ಬಗೆಯ ಉಪಕರಣ ಹಿಡಿದು ಹಕ್ಕಿಗಳ ರೆಟಿನಾ ನೋಡಿ, 1917ರಲ್ಲಿ ಅದರ ಬಣ್ಣದ ಚಿತ್ರಗಳನ್ನೇ ಪ್ರಕಟಿಸಿದರು. ಇಷ್ಟೆಲ್ಲ ಗೊತ್ತಿದ್ದರೂ 'ಗಿಡುಗದ ಕಣ್ಣು ನಮಗಿಂತ ಎಂಟು ಪಟ್ಟು ಚುರುಕು' ಎಂದು ವಾಟ್ಸಾಪಿನಲ್ಲಿ ಸುಮ್ನೆ ಹಂಚುತ್ತಲೇ ಇರುತ್ತಾರೆ. ಆಸ್ಟ್ರೇಲಿಯಾದ ದೊಡ್ಡ ಗಿಡುಗವೊಂದರಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು ಎರಡೂವರೆ ಪಟ್ಟು. ಅದೇನು ಕಡಿಮೆಯೇ?

ಈಗ ಫೋಟೋದ ಮಾತು. ಎರಡೂ ಕಣ್ಣು ಕ್ಯಾಮೆರಾದತ್ತ ಇರುವ ಚಿತ್ರಕ್ಕಾಗಿ ಹಟ ಹಿಡಿದು ಹತ್ತಿರ ಹೋಗಬೇಡಿ. ದೋಣಿಯ ಎಂಜಿನ್ ಆಫ್ ಮಾಡಿ, ಬಿಸಿಲು ಬೆನ್ನಿಗಿರಲಿ. ತಲೆ ಅಚ್ಚ ಬಿಳಿ, ಫೋಟೋದಲ್ಲಿ ಬೇಗ ವಿವರವಿಲ್ಲದ ಬಿಳಿ ಮಚ್ಚೆಯಾಗಿಬಿಡುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಕೆಲವು ಫ್ರೇಮಿನಲ್ಲಿ ಕಣ್ಣಿಗೆ ಹಾಲಿನ ಪೊರೆ ಬಂದಂತೆ ಕಾಣುತ್ತದೆ. ಹಕ್ಕಿಗೆ ಕಾಯಿಲೆಯಲ್ಲ, ಅದು ಕಣ್ಣೊರೆಸುವ ಮೂರನೆಯ ರೆಪ್ಪೆ. ಅಂಥ ಚಿತ್ರವನ್ನು ಅಳಿಸಬೇಡಿ. ಗೂಡಿನ ಮರದ ಹತ್ತಿರ ಮಾತ್ರ, ಅದು ನೇತ್ರಾಣಿ ದ್ವೀಪವೇ ಇರಲಿ, ನಿಮ್ಮೂರಿನ ಹಿತ್ತಲೇ ಇರಲಿ, ಹೋಗಲೇಬೇಡಿ. ಕೂತ ಹಕ್ಕಿ ಮೈ ಮುಂದಕ್ಕೆ ಬಾಗಿಸಿ ಹಿಕ್ಕೆ ಹಾಕಿತೆಂದರೆ ಬಹುತೇಕ ಹಾರಲು ಸಿದ್ಧ. ಶಟರ್ ವೇಗ ಸೆಕೆಂಡಿನ 2000ದಲ್ಲಿ ಒಂದು ಪಾಲು ಇದ್ದರೆ ರೆಕ್ಕೆಯ ತುದಿಯ ಗರಿಗಳೂ ಬಿಡಿಬಿಡಿಯಾಗಿ ಸಿಗುತ್ತವೆ.