ಹಕ್ಕಳೆಯ ಅಡಿಯಲ್ಲಿ ನಡೆಯುವ ಕೆಲಸ

ಸಿಂಧನೂರು, ಮಾನ್ವಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡವರು ಗಾಯವನ್ನು ಒತ್ತಿ ಹಿಡಿದು, ಬಟ್ಟೆಯ ಚೂರು ಸುತ್ತಿ ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನ್ ಎಳೆಗಳನ್ನಾಗಿ ಮಾಡಿ, ಆ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪುಗಟ್ಟುತ್ತವೆ. ಇಷ್ಟು ಶಾಲೆಯ ಪಾಠದಲ್ಲೇ ಬರುತ್ತದೆ. ಆ ಹೆಪ್ಪು ಮುಂದೆ ಏನಾಗುತ್ತದೆ ಎಂದು ಮಾತ್ರ ಕೇಳುವವರು ಕಡಿಮೆ. ಹಕ್ಕಳೆ ಒಣಗಿ ತಾನಾಗಿ ಉದುರುತ್ತದೆ ಎಂದುಕೊಳ್ಳುತ್ತೇವೆ.

ಅದನ್ನು ಬಿಡಿಸುವ ಕೆಲಸ ನಡೆಯುವುದು ಅಡಿಯಿಂದ. ಯಕೃತ್ತಿನಲ್ಲಿ ತಯಾರಾಗುವ ಪ್ಲಾಸ್ಮಿನೋಜನ್ ಎಂಬ ನಿಷ್ಕ್ರಿಯ ಪ್ರೋಟೀನು ಹೆಪ್ಪು ಕಟ್ಟುವಾಗಲೇ ಫೈಬ್ರಿನ್ ಎಳೆಗಳಿಗೆ ಅಂಟಿ ಒಳಗೆ ಸೇರಿಕೊಂಡಿರುತ್ತದೆ. ರಕ್ತನಾಳದ ಒಳಪದರದ ಕೋಶಗಳು ಬಿಡುವ ಟಿಪಿಎ (ಟಿಶ್ಯೂ ಪ್ಲಾಸ್ಮಿನೋಜನ್ ಆಕ್ಟಿವೇಟರ್), ಗಾಯದ ಅಂಚಿನ ಚರ್ಮಕೋಶಗಳು ಬಿಡುವ ಯುರೋಕೈನೇಸ್ ಎಂಬ ಕಿಣ್ವಗಳು ಅದನ್ನು ಪ್ಲಾಸ್ಮಿನ್ ಆಗಿ ಬದಲಿಸುತ್ತವೆ, ಪ್ಲಾಸ್ಮಿನ್ ಫೈಬ್ರಿನನ್ನು ತುಂಡರಿಸುತ್ತದೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಡಿ-ಡೈಮರ್ ಪರೀಕ್ಷೆ ಅಳೆಯುವುದು ಇಂಥ ತುಂಡುಗಳನ್ನೇ. ಹೆಪ್ಪಿನಿಂದ ಹೊರಬಿದ್ದ ಪ್ಲಾಸ್ಮಿನನ್ನು ರಕ್ತದಲ್ಲಿರುವ ಆಂಟಿಪ್ಲಾಸ್ಮಿನ್ ಕೂಡಲೇ ಹಿಡಿದು ನಿಲ್ಲಿಸುವುದರಿಂದ ಕರಗಿಸುವ ಕೆಲಸ ಗಾಯವಿದ್ದಲ್ಲಿಗೇ ಸೀಮಿತವಾಗುತ್ತದೆ.

ಹೊಸ ಚರ್ಮ ಬೆಳೆಯುವುದು ಹಕ್ಕಳೆಯ ಮೇಲಲ್ಲ, ಹಕ್ಕಳೆಗೂ ಕೆಳಗಿನ ಜೀವಂತ ಅಂಗಾಂಶಕ್ಕೂ ನಡುವೆ; ಅಂಚಿನ ಕೋಶಗಳು ಫೈಬ್ರಿನನ್ನು ಕರಗಿಸಿ ದಾರಿ ಮಾಡಿಕೊಳ್ಳುತ್ತಲೇ ಮುಂದೆ ಸರಿಯಬೇಕು. ಇದಕ್ಕೆ 1996ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗಗಳಿಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಪ್ಲಾಸ್ಮಿನೋಜನ್ ಜೀನ್ ಇಲ್ಲದ ಇಲಿಗಳ ಗಾಯ ಮುಚ್ಚಲು ಬಹಳ ತಡವಾಯಿತು, ಚರ್ಮಕೋಶಗಳು ಫೈಬ್ರಿನ್ ರಾಶಿಯ ಮುಂದೆ ತಡೆದು ನಿಂತವು. ಆದರೆ ಪ್ಲಾಸ್ಮಿನೋಜನ್ ಜೊತೆಗೆ ಫೈಬ್ರಿನೋಜನ್ ಕೂಡ ಇಲ್ಲದಂತೆ ಮಾಡಿದಾಗ ಗಾಯ ಹೆಚ್ಚುಕಡಿಮೆ ಸಾಮಾನ್ಯ ಅವಧಿಯಲ್ಲೇ ಮುಚ್ಚಿತು. ಅಡ್ಡಿಯೇ ಇಲ್ಲದಲ್ಲಿ ಅದನ್ನು ಕತ್ತರಿಸುವ ಕಿಣ್ವದ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ. ತುರಿಕೆಯೆಂದು ಹಕ್ಕಳೆ ಕಿತ್ತರೆ, ಅದರಡಿ ಹರಡುತ್ತಿದ್ದ ಎಳೆಯ ಪದರವೂ ಹರಿದು ಬರುವುದು ಹೊಸ ಚರ್ಮ ಹೀಗೆ ಹಕ್ಕಳೆಯ ಅಡಿಯಲ್ಲೇ ಬೆಳೆಯುವ ಕಾರಣಕ್ಕೆ.

ಈ ವ್ಯವಸ್ಥೆಯನ್ನು ರೋಗಾಣುಗಳೂ ಬಳಸಿಕೊಳ್ಳುತ್ತವೆ. ಕೆಲವು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳು ಮನುಷ್ಯರ ಹೆಪ್ಪನ್ನು ಕರಗಿಸಬಲ್ಲವೆಂದು ಸಂಶೋಧಕರಾದ ವಿಲಿಯಂ ಟಿಲೆಟ್ ಮತ್ತು ಗಾರ್ನರ್ 1933ರಲ್ಲಿ ವರದಿ ಮಾಡಿದರು. ಅವು ಸ್ರವಿಸುವ ಸ್ಟ್ರೆಪ್ಟೊಕೈನೇಸ್ ಸ್ವತಃ ಏನನ್ನೂ ಕತ್ತರಿಸುವುದಿಲ್ಲ. ನಮ್ಮದೇ ಪ್ಲಾಸ್ಮಿನೋಜನ್‌ಗೆ ಅಂಟಿ ಅದನ್ನು ಕೆಲಸಕ್ಕೆ ಹಚ್ಚಿ, ಗಾಯದ ಸುತ್ತಲಿನ ಫೈಬ್ರಿನ್ ತಡೆಯನ್ನು ದಾಟಿ ಹರಡಲು ಬ್ಯಾಕ್ಟೀರಿಯಾಗಳಿಗೆ ನೆರವಾಗುತ್ತದೆ. ಅದೇ ಸ್ಟ್ರೆಪ್ಟೊಕೈನೇಸನ್ನು ಶುದ್ಧೀಕರಿಸಿ, ಹೃದಯಾಘಾತವಾದವರ ರಕ್ತನಾಳದಲ್ಲಿ ಸಿಲುಕಿದ ಹೆಪ್ಪು ಕರಗಿಸಲು ಚುಚ್ಚುಮದ್ದಾಗಿ ಕೊಡುತ್ತಾರೆ.